ಮೇಜಿನ ಕಾಲು ಕೊಯ್ಯುವ ಮುಂಚೆ



*ಇಂದಿನ ಚಿಂತನೆ: ತಿದ್ದಬೇಕಾದದ್ದು ಯಾರನ್ನು?*

ಈ ಬೇಸಿಗೆ ರಜೆಯಲ್ಲಿ ನಾನೂ ನನ್ನ ಮಗನೂ ಸೇರಿ ಮನೆಯಲ್ಲೇ ಒಂದು ಕೆಲಸದ ಮೇಜು ಮಾಡಿದೆವು. ಅವನಿಗೆ ಮಿಕ್ಸಿ, ಫ್ಯಾನು ಬಿಚ್ಚಿ ರಿಪೇರಿ ಮಾಡುವ ಹುಚ್ಚು. ದ್ವಿತೀಯ ಪಿಯುಸಿ ಗಣಿತದಲ್ಲಿ ಅವನು ಫೇಲಾದ ಮೇಲೆ ನಮ್ಮಿಬ್ಬರ ನಡುವೆ ಊಟಕ್ಕೆ ಕರೆಯುವಷ್ಟು ಮಾತು ಮಾತ್ರ ಉಳಿದಿತ್ತು. "ಮೇಷ್ಟ್ರ ಮಗನೇ ಫೇಲಂತೆ" ಎಂಬುದು ನನ್ನ ಕಿವಿಯಲ್ಲೇ ಕೂತಿತ್ತು. ಇಬ್ಬರೂ ಸೇರಿ ಮೇಜು ಮಾಡಿ ಎಂದವಳು ಅವನ ತಾಯಿ.

ಬಲ್ಲವರನ್ನು ಕೇಳಿ, ಕೈಸುಟ್ಟುಕೊಂಡು ಕಲಿತದ್ದನ್ನು ಮೊದಲು ಹೇಳುತ್ತೇನೆ. ಯಾರಿಗಾದರೂ ಉಪಯೋಗವಾಗಲಿ.

*1.* ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಒಣಗುತ್ತಾ ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಇಂದು ಬಿಗಿಯಾಗಿ ಕೂತದ್ದು ನಾಳೆ ಸಡಿಲ. ನಾವು ಹಳೇ ಮನೆಯಿಂದ ಉಳಿದಿದ್ದ ಹಲಸಿನ ತೊಲೆಗಳನ್ನು ಕೊಯ್ಸಿ ಬಳಸಿದೆವು.

*2.* ಮೇಲಿನ ಹಲಗೆ ದಪ್ಪವಿದ್ದರೆ ಸಾಲದು, ಕಾಲುಗಳು ಕೂಡುವ ಜಾಗ ಗಟ್ಟಿ ಇರಬೇಕು. ನಮ್ಮದು 3 ಇಂಚು ದಪ್ಪದ ನಾಲ್ಕು ಕಾಲು. ಹಲಗೆಯ ಕೆಳಗೆ 4 ಇಂಚು ಅಗಲದ ಅಡ್ಡಪಟ್ಟಿಗಳು, ಪಾದದ ಹತ್ತಿರ ಇನ್ನೊಂದು ಸುತ್ತು. ಉಳಿಯಿಂದ ಕಾಲಿನಲ್ಲಿ ಕಂಡಿ ಕೊರೆದು, ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಅದರೊಳಗೆ ಕೂರಿಸಿದೆವು. ಬರೀ ಮೊಳೆ ಹೊಡೆದ ಮೇಜು ಪಕ್ಕಕ್ಕೆ ನೂಕಿದರೆ ಓಲಾಡುತ್ತದೆ.

*3.* ಅಂಟು ಒಣಗುವ ಮುಂಚೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಬೇಕು. ಎದುರುಬದುರು ಪಟ್ಟಿಗಳು ಸಮವಿದ್ದು, ಕರ್ಣಗಳೂ ಸಮ ಬಂದರೆ ನಾಲ್ಕೂ ಮೂಲೆ ನೇರ. ಇದನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನನಗೆ ತಿಳಿಸಿಕೊಟ್ಟವನು ಗಣಿತದಲ್ಲಿ ಫೇಲಾದ ನನ್ನ ಮಗ.

*4.* ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಹಲಗೆಯನ್ನು ಅಂಟಿಸದೆ, ಅಡ್ಡಪಟ್ಟಿಯಲ್ಲಿ ಸ್ಕ್ರೂ ತೂತನ್ನು ತುಸು ಉದ್ದಕ್ಕೆ ಕೊರೆದು ಬಿಗಿಯಬೇಕು. ಅದಕ್ಕೆ ಅಲುಗಾಡಲು ಜಾಗ ಕೊಡದಿದ್ದರೆ ಸೀಳು ಬಿಡುತ್ತದೆ.

ಒಂಬತ್ತನೇ ದಿನ ಮೇಜನ್ನು ಜಗಲಿಯಲ್ಲಿ ನಿಲ್ಲಿಸಿದೆವು. ಒಂದು ಮೂಲೆ ಒತ್ತಿದರೆ ಟಕ್ ಟಕ್ ಎಂದು ಆಡುತ್ತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು. "ನೀನು ಅಳತೆ ಹಾಕಿದ ಕಾಲೇ ಇದು" ಎಂದು ಗರಗಸ ತೆಗೆದುಕೊಂಡೆ.

"ತಡೀರಿ ಅಪ್ಪಾ, ಕೊಯ್ದ ಮೇಲೆ ಮತ್ತೆ ಸೇರಿಸೋಕಾಗಲ್ಲ. ನಡುಮನೇಲಿ ಇಟ್ಟು ನೋಡೋಣ" ಎಂದ.

ಇಬ್ಬರೂ ಹಿಡಿದು ಒಳಗೆ ತಂದಿಟ್ಟೆವು. ಗ್ರಾನೈಟ್ ನೆಲದ ಮೇಲೆ ಮೇಜು ಬಂಡೆಯಂತೆ ನಿಂತಿತು. ಕುಸಿದಿದ್ದದ್ದು ಜಗಲಿಯ ನೆಲ. ದಿನಾ ಅದರ ಮೇಲೇ ಕೂತು ಪೇಪರ್ ಓದುವ ನನಗೆ ಅದು ಕಂಡಿರಲಿಲ್ಲ.

ಧಮ್ಮಪದದ ಪಂಡಿತವಗ್ಗದಲ್ಲಿ ಬಡಗಿಯ ಹೋಲಿಕೆ ಬರುವುದು ನಮಗೆಲ್ಲ ಗೊತ್ತು. ತರಗತಿಯಲ್ಲಿ ಅದನ್ನು ನಾನು ಎಷ್ಟೋ ಸಲ ವಿವರಿಸಿದ್ದೇನೆ, ಮಕ್ಕಳನ್ನು ತಿದ್ದುವ ಉದ್ದೇಶದಿಂದಲೇ. ಆದರೆ ಅಲ್ಲಿ ಬಡಗಿ ಹದಗೊಳಿಸುವುದು ಮರವನ್ನು, ವಿವೇಕಿ ಹದಗೊಳಿಸುವುದು ತನ್ನನ್ನು. ಮಗನನ್ನು ಎಂದು ಎಲ್ಲೂ ಇಲ್ಲ. ಗರಗಸ ಹಿಡಿದು ನಿಂತಾಗ ಇದು ನನಗೆ ಹೊಳೆಯಿತು.

ಮರುದಿನ ಕೇಳಿದೆ: "ಐಟಿಐ ಅರ್ಜಿ ಅಂತಿದ್ದೆಯಲ್ಲ, ಯಾವಾಗ ಹಾಕಬೇಕು?" ಅವನು ಅದನ್ನು ಹಿಂದೆ ಎರಡು ಸಲ ಹೇಳಿದ್ದ. ಎರಡು ಸಲವೂ ನಾನು ಕೇಳಿಸಿಕೊಂಡಿರಲಿಲ್ಲ.

*ಇಂದಿನ ಅಭ್ಯಾಸ:* ಮನೆಯಲ್ಲೋ ಶಾಲೆಯಲ್ಲೋ ಕಚೇರಿಯಲ್ಲೋ ಯಾರೋ ಒಬ್ಬರನ್ನು "ಇವರದ್ದೇ ಕೊರತೆ" ಎಂದು ನಾವು ತೀರ್ಮಾನಿಸಿರುತ್ತೇವೆ. ಇಂದು ಅವರಿಗೆ ಏನಾದರೂ ಅನ್ನುವ ಮುಂಚೆ ಮೂರು ಉಸಿರಿನಷ್ಟು ಹೊತ್ತು ನಿಲ್ಲೋಣ. ನಾವು ಅವರನ್ನು ನಿಲ್ಲಿಸಿರುವ ನೆಲ ಸಮವಾಗಿದೆಯೇ ಎಂದು ಒಮ್ಮೆ ನೋಡೋಣ.

ಎಲ್ಲ ಜೀವಿಗಳಿಗೂ ಒಳಿತಾಗಲಿ 🙏