ಮೇಕಪ್ ರೂಮಿನಲ್ಲಿ ಕಲಿತದ್ದು

ಈ ಲೈನಿಗೆ ಹೇರ್ ಡ್ರೆಸ್ಸರ್ ಆಗಿ ಬಂದವಳು ನಾನು. ಈಗ ಸೀರಿಯಲ್, ಸಿನಿಮಾ ಎರಡರಲ್ಲೂ ಮೇಕಪ್ ವಿಭಾಗ ನೋಡಿಕೊಳ್ಳುತ್ತೇನೆ. ‘ಅಕ್ಕಾ, ನಾವೂ ಬರಬಹುದಾ?’ ಎಂದು ಕೇಳುವ ಹುಡುಗಿಯರಿಗೆ ಹೇಳುವ ಮಾತುಗಳಿವು.

1. ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಕಾರ್ಡಿನ ವಿಷಯ ವಿಚಾರಿಸಿ. ಯೂನಿಯನ್ ಕಾರ್ಡ್ ಕೇಳುವ ಕಡೆ, ಅದಿಲ್ಲದವರ ಕೈಚಳಕ ಗೇಟಿನವರೆಗೆ ಮಾತ್ರ. ಮುಂಬೈಯ ಮೇಕಪ್ ಕಲಾವಿದರ ಸಂಘದಲ್ಲಿ ದಶಕಗಟ್ಟಲೆ ಮೇಕಪ್ ಕಾರ್ಡ್ ಗಂಡಸರಿಗಷ್ಟೇ ಸಿಗುತ್ತಿತ್ತು, ಹೆಂಗಸರಿಗೆ ಹೇರ್ ಡ್ರೆಸ್ಸರ್ ಕಾರ್ಡ್. ಅಮೆರಿಕದಲ್ಲಿ ಕಲಿತು ಬಂದ ಚಾರು ಖುರಾನಾ ಅವರಿಗೂ ಮೇಕಪ್ ಕಾರ್ಡ್ ಕೊಡಲಿಲ್ಲ. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2014ರ ನವೆಂಬರ್ 10ರಂದು ಕೋರ್ಟು ಆ ನಿಯಮವನ್ನೇ ಕಿತ್ತುಹಾಕಿತು. ಹೆಂಗಸರು ಬಂದರೆ ಗಂಡಸರ ಹೊಟ್ಟೆಪಾಡಿಗೆ ಕುತ್ತು ಎಂಬುದು ಸಂಘದ ವಾದವಾಗಿತ್ತು. ಅದನ್ನು ಅಷ್ಟು ನೇರವಾಗಿ ಬಾಯಿಬಿಟ್ಟು ಹೇಳುವವರು ಕಡಿಮೆ. ಬೇರೆ ಕಡೆ ‘ನಿಮ್ಮ ಕೈಲಾಗಲ್ಲಮ್ಮ’ ಅಂತಾರೆ.

2. ಹೇರ್ ಕೆಲಸ ಸಣ್ಣದು ಅಂದರೆ ನಂಬಬೇಡಿ, ಆದರೆ ಅಲ್ಲೇ ಕೂರಲೂ ಬೇಡಿ. ಮದುವೆ ಸೀನಿದ್ದ ದಿನ ನೋಡಬೇಕು: ಸವರಿ ಸೇರಿಸಿ ಜಡೆ ಹೆಣೆದು, ಮೊಗ್ಗು ಕೂರಿಸಿ, ಬೈತಲೆಬೊಟ್ಟು ಜಾರದ ಹಾಗೆ ಪಿನ್ ಹಾಕುವಷ್ಟರಲ್ಲಿ ಮುಖದ ಕೆಲಸ ಮುಗಿಸಿದವರು ಟೀ ಕುಡಿದು ಬಂದಿರುತ್ತಾರೆ. ಸಂಜೆ ಹೊತ್ತಿಗೆ ಮೊಗ್ಗು ಅರಳಿದರೆ ಕಂಟಿನ್ಯುಟಿ ಕೆಟ್ಟಿತೆಂದು ಬೈಗುಳ ನಮಗೇ. ಪೇಮೆಂಟ್ ವಿಷಯಕ್ಕೆ ಬಂದರೆ ಮೇಕಪ್ ಮೇಲೆ, ಹೇರ್ ಕೆಳಗೆ. ಅದೇ ಹೀರೋ ಜೊತೆಗೆ ಗಂಡು ಹೇರ್ ಸ್ಟೈಲಿಸ್ಟ್ ಬಂದರೆ ರೇಟೇ ಬೇರೆ!

ಇನ್ನೊಂದು ತಮಾಷೆ ಇದೆ. ಪೌರಾಣಿಕ ಸೀರಿಯಲ್ಲಿನ ಋಷಿಗೆ ನೆಟ್ ಮೇಲೆ ಕಟ್ಟಿದ ಗಡ್ಡವನ್ನು ಸ್ಪಿರಿಟ್ ಗಮ್ ಹಚ್ಚಿ ಅಂಟಿಸುವುದು ಮೇಕಪ್‌ಮ್ಯಾನ್ ಕೆಲಸ. ಕೂದಲು ಗಲ್ಲದ ಮೇಲಿದ್ದರೆ ಗಂಡಸಿನ ಪಾಲಿಗೆ, ಬೆನ್ನ ಮೇಲಿದ್ದರೆ ಹೆಂಗಸಿನ ಪಾಲಿಗೆ. ಗಡ್ಡ ಅಂಟಿಸುವುದನ್ನು ಹಟ ಹಿಡಿದು ಕಲಿಯಿರಿ. ನಾನು ಮೇಕಪ್‌ಗೆ ದಾಟಿದ್ದು ಆ ದಾರಿಯಲ್ಲೇ.

3. ಲೊಕೇಶನ್ ಹೊರಾಂಗಣ ಅಂದರೆ ಟಾಯ್ಲೆಟ್ ಎಲ್ಲಿ ಎಂದು ಮೊದಲೇ ಕೇಳಿ. ನಾಚಿಕೆ ಬೇಡ. ಕ್ಯಾರವಾನ್ ಇರುವುದು ನಾಯಕಿಗೆ, ನಿಮಗಲ್ಲ. ಶೂಟಿಂಗ್‌ನಲ್ಲಿ ಶೌಚಾಲಯವಿಲ್ಲದೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆಂದು, ಚಿತ್ರರಂಗದ ಹೆಂಗಸರ ಕಷ್ಟ ವಿಚಾರಿಸಿದ ಕೇರಳದ ಹೇಮಾ ಸಮಿತಿ ಬರೆದಿದೆ. 2019ರಲ್ಲಿ ಸರ್ಕಾರದ ಕೈಸೇರಿದ ಆ ವರದಿ ಜನರ ಕೈಗೆ ಬಂದದ್ದು 2024ರ ಆಗಸ್ಟಿನಲ್ಲಿ. ಓದಿದಾಗ ನನಗೇನೂ ಹೊಸದೆನಿಸಲಿಲ್ಲ. ಲೈಟಿಂಗ್, ಕ್ಯಾಮೆರಾ ತಂಡದಲ್ಲಿ ಹುಡುಗಿಯರು ಯಾಕಿಲ್ಲ ಎಂದು ಸೆಮಿನಾರ್ ಮಾಡುವವರು ಒಂದು ದಿನ ಬೆಳಗಿನಿಂದ ಪ್ಯಾಕಪ್‌ವರೆಗೆ ಬಯಲಲ್ಲಿ ನಿಂತು ನೋಡಲಿ.

4. ‘ಲೈಟು ಭಾರ’ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಕಾಸ್ಟ್ಯೂಮ್ ಟ್ರಂಕೂ ಭಾರವೇ, ಅದನ್ನೆತ್ತುವಾಗ ಯಾರೂ ಅಡ್ಡ ಬರುವುದಿಲ್ಲ. ಗಂಡಸರದೇ ಎನ್ನುವ ಕೆಲಸವನ್ನು ಹೆಂಗಸರು ಎಂದೋ ಮಾಡಿ ತೋರಿಸಿದ್ದಾರೆ: ರಂಗನಟಿ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ರಾವಣರಾಗಿ ಅಬ್ಬರಿಸಿದವರು.

5. ‘ಮೊದಲ ಮಹಿಳೆ’ ಎಂಬ ಬಿರುದಿಗಿಂತ, ಆಕೆಯನ್ನು ಅಸಿಸ್ಟೆಂಟ್ ಆಗಿ ಸೇರಿಸಿಕೊಂಡವರು ಯಾರು ಎಂದು ನೋಡಿ. ಬಿ.ಆರ್. ವಿಜಯಲಕ್ಷ್ಮಿ 1985ರ ತಮಿಳು ಚಿತ್ರ ‘ಚಿನ್ನ ವೀಡು’ಗೆ ಸ್ವತಂತ್ರವಾಗಿ ಕ್ಯಾಮೆರಾ ಹಿಡಿಯುವ ಮೊದಲು ಛಾಯಾಗ್ರಾಹಕ ಅಶೋಕ್ ಕುಮಾರ್ ಅವರ ಕೈಕೆಳಗೆ ಪಳಗಿದ್ದರು. ಸಿನಿಮಾದಲ್ಲಿ ಕೆಲಸಕ್ಕೆ ಜಾಹೀರಾತು ಬರುವುದಿಲ್ಲ. ರಾತ್ರಿ ಫೋನ್ ಬರುತ್ತದೆ, ‘ನಾಳೆ ಆರಕ್ಕೆ ಬಾ’ ಅಂತ. ಗಂಡಸರು ಪರಿಚಯದ ಹುಡುಗರಿಗೇ ಆ ಫೋನ್ ಮಾಡುತ್ತಾರೆ. ನಿಮ್ಮ ನಂಬರ್ ಕ್ಯಾಮೆರಾಮನ್, ಮ್ಯಾನೇಜರ್ ಎಲ್ಲರ ಬಳಿಯೂ ಇರಲಿ. ನಾನಂತೂ ಈಗ ನನ್ನ ಅಸಿಸ್ಟೆಂಟ್ ಹುಡುಗನಿಗೆ ಜಡೆ, ಹುಡುಗಿಗೆ ಗಡ್ಡ ವಹಿಸಿದ್ದೇನೆ. ಹುಡುಗನ ಜಡೆ ಇನ್ನೂ ಒಂದು ಕಡೆ ವಾಲುತ್ತದೆ.

6. ಟೈಟಲ್ ಕಾರ್ಡಿನಲ್ಲಿ ಹೆಸರು ಹೇಗೆ ಬರಬೇಕೆಂದು ಅಡ್ವಾನ್ಸ್ ಪಡೆಯುವ ದಿನವೇ ಮಾತಾಡಿ. ಡಬ್ಬಿಂಗ್ ಮುಗಿದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ. ಹೇರ್, ಮೇಕಪ್ ಎರಡೂ ಮಾಡಿದ್ದರೆ ಎರಡನ್ನೂ ಬರೆಸಿ, ಎರಡಕ್ಕೂ ದುಡ್ಡು ಕೇಳಿ.