ಗಿರಣಿ ಒಂದು, ವಾರಸುದಾರರು ನಾಲ್ವರು

ಪ್ರಶ್ನೆ: ತಂದೆ ಸ್ವಂತ ದುಡಿಮೆಯಿಂದ ಕಟ್ಟಿದ ಅಕ್ಕಿ ಗಿರಣಿಗೆ ವಿಲ್ ಬರೆಯದೆ ತೀರಿಕೊಂಡರು. ತಾಯಿ, ಇಬ್ಬರು ಗಂಡುಮಕ್ಕಳು, ತಂಗಿ ಇದ್ದೇವೆ. ದೊಡ್ಡ ಉದ್ಯಮಿಗಳಂತೆ ‘ಫ್ಯಾಮಿಲಿ ಆಫೀಸ್’ ತೆರೆಯಬೇಕೆ?
– ಓದುಗರು, ಕುರುಗೋಡು

ಉತ್ತರ: ಅಜೀಂ ಪ್ರೇಮ್‌ಜಿಯವರ ಪ್ರೇಮ್‌ಜಿ ಇನ್ವೆಸ್ಟ್‌ನಂಥ ಕುಟುಂಬ ಸಂಪತ್ತು ನಿರ್ವಹಿಸುವ ಕಚೇರಿ ಸಾವಿರಾರು ಕೋಟಿಯ ಆಸ್ತಿಗೆ ಸರಿ, ನಿಮಗೆ ಬೇಡ. ಮೊದಲು ಹಕ್ಕು ಇತ್ಯರ್ಥವಾಗಲಿ. ನಿಮ್ಮದು ಹಿಂದೂ ಕುಟುಂಬವಾದರೆ 1956ರ ಉತ್ತರಾಧಿಕಾರ ಕಾಯ್ದೆಯಂತೆ ನಾಲ್ವರಿಗೂ ಸಮಪಾಲು. ತಂಗಿ ಪಾಲು ಬಿಟ್ಟುಕೊಡುವುದಾದರೆ ಬಾಯಿಮಾತು ಸಾಲದು, ಹಕ್ಕುಬಿಡುಗಡೆ ಪತ್ರ ನೋಂದಣಿಯಾಗಬೇಕು.

ಮುಂದೆ ಎರಡು ದಾರಿ: ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಮಾಡಿ ಪಾಲು ನಮೂದಿಸುವುದು, ಇಲ್ಲವೇ ಜಾಗ, ಕಟ್ಟಡವನ್ನು ಖಾಸಗಿ ಟ್ರಸ್ಟ್‌ಗೆ ಸೇರಿಸುವುದು. ನಿಮಗೆ ಮೊದಲನೆಯದೇ ಸಾಕು. ದುಡಿಯುವವರ ಸಂಬಳ, ಎಲ್ಲರ ಲಾಭಾಂಶ, ಹೊರಹೋಗುವವರ ಪಾಲಿಗೆ ಬೆಲೆ ಕಟ್ಟುವ ಬಗೆ ಕರಾರಿನಲ್ಲಿರಲಿ. ಸಹಿಗೆ ಮುನ್ನ ಬಳ್ಳಾರಿಯಲ್ಲಿ ಸಿವಿಲ್ ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಕಾಣಿ. ತಾಯಿಯವರೂ ತಮ್ಮ ಪಾಲಿಗೆ ಈಗಲೇ ವಿಲ್ ಬರೆದಿಡಲಿ.