ಗ್ಲೈಡರ್ ಹಾರಾಟಕ್ಕೆ ಉಪಕರಣ ಶಿಕ್ಷಣ ಬೇಕೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬೇಸಗೆಯ ಬಾನಿನಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದನ್ನು ನಮ್ಮ ಮಕ್ಕಳೆಲ್ಲರೂ ಕಂಡಿದ್ದಾರೆ. ಕಾದ ನೆಲದಿಂದ ಏಳುವ ಗಾಳಿಯೇ ಅವುಗಳಿಗೆ ಆಧಾರ. ಇಂಜಿನ್ನಿಲ್ಲದ ಗ್ಲೈಡರಿಗೂ ಅದೇ ಆಧಾರ. ಹವ್ಯಾಸಕ್ಕಾಗಿ ಹಾರುವವನು ನೆಲವನ್ನೂ ದಿಗಂತವನ್ನೂ ಕಣ್ಣಾರೆ ನೋಡುತ್ತ ಹಾರುತ್ತಾನೆ. ಅವನಿಗೆ ಉಪಕರಣಗಳನ್ನಷ್ಟೇ ನಂಬಿ ಹಾರುವ ಉನ್ನತ ಶಿಕ್ಷಣವೇಕೆ ಎಂಬುದು ಸಹಜವಾದ ಪ್ರಶ್ನೆ.

ಮೇಲೇರಿಸುವ ಗಾಳಿಯೇ ಮೋಡವನ್ನೂ ಕಟ್ಟುತ್ತದೆ. ಮೋಡದೊಳಗೆ ದಿಗಂತ ಮರೆಯಾದೊಡನೆ ಒಳಗಿವಿಯು ಮೋಸಮಾಡುತ್ತದೆ. ಒಂದೇ ಸಮನೆ ತಿರುಗುತ್ತಿರುವವನಿಗೆ ತಾನು ನೇರವಾಗಿ ಹೋಗುತ್ತಿರುವಂತೆಯೇ ಭಾಸವಾಗುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯವು ಇಂಜಿನ್ ವಿಮಾನದಲ್ಲಿ, ಉಪಕರಣಾನುಭವವಿಲ್ಲದ 20 ಮಂದಿಯನ್ನು ಕೃತಕ ಮರೆಯಲ್ಲಿಟ್ಟು ಪರೀಕ್ಷಿಸಿತು. ಸರಾಸರಿ 178 ಸೆಕೆಂಡುಗಳಲ್ಲಿ ಎಲ್ಲರೂ ಹತೋಟಿ ಕಳೆದುಕೊಂಡರು. ಹಿಂದಿರುಗುವ ಕ್ರಮವನ್ನು ಸ್ವಲ್ಪಕಾಲ ಕಲಿಸಿದ ಬಳಿಕ 60 ಪ್ರಯತ್ನಗಳಲ್ಲಿ 59 ಸಫಲವಾದವು.

ಆದುದರಿಂದ ಹವ್ಯಾಸಿಗೆ ಪೂರ್ಣ ಶಿಕ್ಷಣ ಅನಿವಾರ್ಯವಲ್ಲ. ಆದರೆ ತಿರುವುಸೂಚಕವನ್ನು ನಂಬಿ ಮೋಡದಿಂದ ಹೊರಬರುವ ಪಾಠ ಪ್ರಾಣರಕ್ಷಕವಾದುದು. ಅದು ಮೋಡವನ್ನು ಹೊಗಲು ಕೊಟ್ಟ ಅನುಮತಿಯೆಂದು ಶಿಷ್ಯನು ಭಾವಿಸದಂತೆ ನೋಡಿಕೊಳ್ಳುವುದು ಗುರುವಿನ ಹೊಣೆ. ತನ್ನ ಇಂದ್ರಿಯಗಳ ಮಿತಿಯನ್ನು ಅರಿಯುವುದೇ ಈ ವಿದ್ಯೆಯ ಸಾರ.